ಗವ್ರಿಲಾನಿಗೆ ಕಟ್ಟಿದ ಪದ

ಏಳು ಬೆಟ್ಟ, ಏಳು ಹಳ್ಳ ದಾಟಿದರೆ ಸಿಗುವ ಒಂದು ಊರಲ್ಲಿ ಒಬ್ಬ ಪದ ಕಟ್ಟುವವನೂ ಒಬ್ಬ ಮಾತಾಡುವವನೂ ಇದ್ದರಂತೆ. ಪದ ಕಟ್ಟುವವನು ಊರು ಬಿಟ್ಟು ಕದಲಲಿಲ್ಲ. ಮಾತಾಡುವವನು ರಾಜಧಾನಿ ಬುಕಾರೆಸ್ಟಿಗೆ ಹೋಗಿ, ದೊಡ್ಡ ಸಭೆಯಲ್ಲಿ ಎದ್ದು ನಿಂತು ಮಾತಾಡಿ, ಹೆಸರು ಹೊತ್ತುಕೊಂಡು ಬಂದನಂತೆ. ಆ ಮಾತಾಡುವವನು, ಗವ್ರಿಲಾ, ಸತ್ತ ಮೂರನೆಯ ಬೆಳಿಗ್ಗೆ, ಪದ ಕಟ್ಟುವ ತೋದೇರ್ ಅಡುಗೆಮನೆಯ ಮೇಜಿಗೆ ಒರಗಿ ಪೆನ್ಸಿಲ್ಲಿನ ತುದಿ ಕಚ್ಚುತ್ತಿದ್ದ.

"ಇನ್ನೂ ಮುಗೀಲಿಲ್ವಾ?" ಹೆಂಡತಿ ಅನುತ್ಸಾ ಕೇಳಿದಳು. "ಕುರಿ ಕಾಯೋನು ಸತ್ತಾಗ ಪದ ಕಟ್ಟೋಕೆ ಒಂದು ಗಂಟೆ ಸಾಕಾಗಿತ್ತು ನಿಂಗೆ."

"ಕುರಿ ಕಾಯೋನು ಕದ್ದಿರಲಿಲ್ಲ."

ಅನುತ್ಸಾ ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಬಂದು ಹಾಳೆಯ ಮೇಲೆ ಬಗ್ಗಿದಳು. ಕೊನೆಯ ಎರಡು ಸಾಲು ಓದಿದಳು. ಇನ್ನೊಮ್ಮೆ ಓದಿದಳು.

"ಹೆಣದ ಮುಂದೆ ಇದನ್ನ ಹಾಡ್ತೀಯಾ?"

"ಅವನೇ ಹೇಳಿದ್ದು. ಒಬ್ಬರನ್ನೂ ಬಿಡ್ಬೇಡ ಅಂತ."

ಅವರ ಊರಾದ ಬ್ರಾದೇಟಿನಲ್ಲಿ ಪದವಿಲ್ಲದೆ ಯಾರೂ ಮಣ್ಣಿಗೆ ಹೋದದ್ದಿಲ್ಲ. ಚರ್ಚಿನ ಹಾಡುಗಾರ ಶವಪೆಟ್ಟಿಗೆಯ ತಲೆಯ ಕಡೆ ನಿಂತು, ಸತ್ತವನೇ ಹಾಡಿದ ಹಾಗೆ, 'ನಾನು' ಎಂದೇ ಹಾಡುತ್ತಾನೆ. ಹೆಂಡತಿಯನ್ನು, ಮಕ್ಕಳನ್ನು, ನೆರೆಯವರನ್ನು ಹೆಸರು ಹಿಡಿದು ಕರೆದು, ತಪ್ಪು ಒಪ್ಪಿಕೊಂಡು, ಹೋಗಿಬರುತ್ತೇನೆ ಅನ್ನುತ್ತಾನೆ. ಹೆಸರು ಬಂದವರು "ದೇವರು ಕ್ಷಮಿಸಲಿ" ಅನ್ನಬೇಕು. ಕೊನೆಯವರು ಅನ್ನುವ ತನಕ ಪೆಟ್ಟಿಗೆ ಎತ್ತುವ ಹಾಗಿಲ್ಲ. ತೋದೇರ್ ನಲವತ್ತು ವರ್ಷದಿಂದ ಊರಿನ ಹೆಣಗಳಿಗೆಲ್ಲ ಬಾಯಿಯಾಗಿದ್ದ. ಆದರೆ ದೇಶವೇ ಕಿವಿಗೊಟ್ಟು ಕೇಳಿದ ಬಾಯಿಯೊಂದು ತನ್ನ ವಶಕ್ಕೆ ಸಿಕ್ಕಿದ್ದು ಇದೇ ಮೊದಲು.

*

ಗವ್ರಿಲಾ ಮರದ ಮಿಲ್ಲಿನಲ್ಲಿ ಗರಗಸ ಹರಿತ ಮಾಡುತ್ತಿದ್ದವನು. ಅವನೂ ತೋದೇರನೂ ಶಾಲೆಯಲ್ಲಿ ಒಂದೇ ಬೆಂಚು. ಗವ್ರಿಲಾ ಮೊದಲ ಸಲ ಸಂಸತ್ತಿಗೆ ಆರಿಸಿ ಹೋದಾಗ ಆರು ತಿಂಗಳು ತುಟಿ ಬಿಚ್ಚಲಿಲ್ಲ. ಪಟ್ಟಣದ ಸದಸ್ಯರು ಅವನ ಕುರಿತೊಗಲಿನ ಟೋಪಿಯನ್ನು ನೋಡಿ ನಗುತ್ತಿದ್ದರಂತೆ. ಆಮೇಲೆ ಬಾಯಿ ಬಿಟ್ಟವನು ಹದಿನಾರು ವರ್ಷ ಮುಚ್ಚಲಿಲ್ಲ. ಕರಡಿ ಹಾವಳಿ, ಹಿಮ ಬಿದ್ದ ರಸ್ತೆ, ಸೂಲಗಿತ್ತಿಯರ ಸಂಬಳ, ಯಾವ ಮಸೂದೆ ಬಂದರೂ "ಒಂದೇ ಮಾತು, ಅಧ್ಯಕ್ಷರೇ" ಎಂದು ಏಳುತ್ತಿದ್ದ.

ಕಾಡಿನ ಕೂಲಿಯವರ ವಿಧವೆಯರಿಗೆ ಪಿಂಚಣಿ ಕೊಡುವ ಮಸೂದೆ ಬಂದ ದಿನ ತೋದೇರ್ ಇದೇ ಮೇಜಿನ ಮುಂದೆ ರೇಡಿಯೋ ಕೇಳುತ್ತ ಸೂಪು ಕುಡಿಯುತ್ತಿದ್ದ. ದುಡ್ಡಿಲ್ಲ, ಮುಂದಿನ ವರ್ಷ ನೋಡೋಣ ಅಂದರು ಮಂತ್ರಿಗಳು. ಆಗ ಗವ್ರಿಲಾನ ದನಿ ಬಂತು: "ಮರ ಬಿದ್ರೆ ಬೆಟ್ಟಕ್ಕೆಲ್ಲ ಕೇಳುತ್ತೆ, ಅಧ್ಯಕ್ಷರೇ. ಮರ ಕಡಿಯೋನು ಬಿದ್ರೆ ಅವನ ಮನೆ ಒಲೆಯೊಂದೇ ಆರುತ್ತೆ."

ತೋದೇರನ ಚಮಚ ಅಲ್ಲೇ ನಿಂತಿತು. ಮರ ಕಡಿಯುವ ಗ್ರಿಗೋರ್ ಸತ್ತಾಗ ಅವನು ಕಟ್ಟಿದ್ದ ಸಾಲು ಅದು. 'ನಾ ಬಿದ್ದಾಗ ನನ್ನ ಒಲೆಯೊಂದೇ ಆರಿತು' ಎಂದು ಗ್ರಿಗೋರನ ಬಾಯಿಂದ ಇಡೀ ಊರಿನ ಮುಂದೆ ಹಾಡಿದ್ದ. ಗವ್ರಿಲಾ ಜನರ ಎರಡನೇ ಸಾಲಿನಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದ.

ಮಸೂದೆ ಗೆದ್ದಿತು. ಪತ್ರಿಕೆಗಳು ಆ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದವು, ಮೇಲೆ ಗವ್ರಿಲಾನ ಚಿತ್ರ. ಕ್ರಿಸ್‌ಮಸ್ಸಿಗೆ ಅವನು ಊರಿಗೆ ಬಂದಾಗ ಪ್ಲಮ್ ಸಾರಾಯಿ ತಂದಿದ್ದ.

"ರೇಡಿಯೋದಲ್ಲಿ ಕೇಳಿದ್ಯೇನೋ?"

"ಕೇಳಿದೆ."

"ಹೆಂಗಿತ್ತು?"

"ಚೆನ್ನಾಗಿತ್ತು."

ಅಷ್ಟೇ. ಇಪ್ಪತ್ತೆರಡು ವರ್ಷ ಇಬ್ಬರೂ ಮತ್ತೆ ಆ ಮಾತೆತ್ತಲಿಲ್ಲ. ಹೋದ ವಾರ ಹಾಸಿಗೆಯಲ್ಲಿ ಮಲಗಿದ್ದ ಗವ್ರಿಲಾ ಅವನ ಮಣಿಕಟ್ಟು ಹಿಡಿದು, "ಪದ ನೀನೇ ಕಟ್ಬೇಕು. ಎಲ್ಲಾರ ಹತ್ರಾನೂ ಕ್ಷಮೆ ಕೇಳ್ಸು, ಒಬ್ಬರನ್ನೂ ಬಿಡ್ಬೇಡ. ಮಾತು ಕೊಡು," ಅಂದಿದ್ದ. ತೋದೇರ್ ಕೊಟ್ಟಿದ್ದ.

*

ಗವ್ರಿಲಾನ ಮನೆಯ ಅಂಗಳದ ತುಂಬ ಜನ. ಮೂರು ಕಣಿವೆಯವರು ಬಂದಿದ್ದರು. ನನ್ನ ಸಾವಿಗೆ ಇದರ ಕಾಲುಪಾಲೂ ಸೇರುವುದಿಲ್ಲ ಎಂದು ತೋದೇರನ ಮನಸ್ಸು ಎಣಿಸಿತು. ನನ್ನ ಪದ ಯಾರು ಕಟ್ಟುತ್ತಾರೆ? ಯಾರೂ ಇಲ್ಲ.

ಬುಕಾರೆಸ್ಟಿನಿಂದ ಬಂದ ಬೋಳುತಲೆಯ ಸದಸ್ಯರೊಬ್ಬರು ತೆಳ್ಳನೆಯ ಬೂಟಿನಲ್ಲಿ ಹಿಮ ತುಳಿಯುತ್ತ ಭಾಷಣಕ್ಕೆ ನಿಂತರು. "ಒಂದೇ ಮಾತು ಅಂತ ಏಳೋರು, ನಮ್ಮ ಊಟದ ಹೊತ್ತು ಮೀರೋದು," ಅಂದರು.

"ರೇಡಿಯೋದಲ್ಲಿ ಒಂದೇ ಮಾತು ಅಂದ ಅಂದ್ರೆ ನಾನು ಹಾಲು ಕರೆದು ಬರ್ತಿದ್ದೆ, ಅಷ್ಟೊತ್ತಿಗೂ ಮುಗೀತಿರಲಿಲ್ಲ," ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು.

"ಆದರೆ ಅವರ ಆ ಒಂದು ಮಾತನ್ನ ಯಾರು ಮರೀತಾರೆ? ಮರ ಬಿದ್ರೆ ಬೆಟ್ಟಕ್ಕೆಲ್ಲ ಕೇಳುತ್ತೆ..." ಸದಸ್ಯರು ಪೂರ್ತಿ ಹೇಳಿದರು. "ಅಂಥ ಮಾತು ಹುಟ್ಟಬೇಕಾದ್ರೆ ಗವ್ರಿಲಾನೇ ಹುಟ್ಟಬೇಕು!"

ತಡಿ, ಈಗ ಅವನ ಬಾಯಿಂದಲೇ ಕೇಳುವಿಯಂತೆ ಅಂದುಕೊಂಡು ತೋದೇರ್ ಪೆಟ್ಟಿಗೆಯ ತಲೆಯ ಕಡೆ ಹೋಗಿ ನಿಂತ. ಪಾದ್ರಿಗಳು ಧೂಪ ಹಾಕಿ ಬದಿಗೆ ಸರಿದರು. ಅವನು ಹಾಡತೊಡಗಿದ.

ಹೊಸಿಲಿಗೆ ವಿದಾಯ ಹೇಳಿದ, ಗರಗಸಕ್ಕೆ ಹೇಳಿದ. ಮಗಳ ಹೆಸರು ಹಿಡಿದ:

ಮಗಳೆ ಲಿವಿಯಾ, ನಿನ್ನ ಮದುವೆಗೆ ತಡವಾಗಿ ಬಂದೆ,
ಸದನದ ಗಂಟೆ ಬಿಡಲಿಲ್ಲ, ಕ್ಷಮೆ ಕೇಳುವೆ ನಿನ್ನ ತಂದೆ.

"ದೇವರು ಕ್ಷಮಿಸಲಿ," ಎಂದು ಲಿವಿಯಾ ಬಿಕ್ಕಿದಳು.

ನೆರೆಯವರು, ಮಿಲ್ಲಿನವರು, ಸೋತ ಚುನಾವಣೆಯ ಎದುರಾಳಿ, ಒಬ್ಬೊಬ್ಬರೂ ಅಂದರು. ಪೆಟ್ಟಿಗೆ ಹೊರುವ ಆರು ಜನ ಮುಂದೆ ಬಂದು ಪೆಟ್ಟಿಗೆಯ ಕೆಳಗಿನ ಕೋಲುಗಳಿಗೆ ಕೈ ಹಾಕಿದರು. ತೋದೇರ್ ಕತ್ತೆತ್ತಿ, ದನಿ ಏರಿಸಿದ:

ಗೆಳೆಯ ತೋದೇರ, ನಿನ್ನ ಹಾಡಿನ ಮಾತ ಕದ್ದೆ,
ನನ್ನದೆಂದು ನುಡಿದು ನಾಡಿನ ಹೊಗಳಿಕೆ ಮೆದ್ದೆ.
ಒಲೆಯಾರಿದ ಮಾತು ನನದಲ್ಲ, ನಿನದೇ, ಅಣ್ಣ,
ಕ್ಷಮಿಸಿ ಕಳಿಸಿಕೊಡು ನನ್ನ.

ಅಂಗಳ ಸ್ತಬ್ಧವಾಯಿತು. ಬೋಳುತಲೆಯ ಸದಸ್ಯರು ಕಾಲು ನೋಡಿಕೊಂಡರು. ಇಪ್ಪತ್ತೆರಡು ವರ್ಷ ಕಾದಿದ್ದ ಮೌನ ಇದೇ ಎಂದು ತೋದೇರ್ ಅದನ್ನು ಸವಿದ. ಆದರೆ ಮೌನ ಮುಗಿಯಲೇ ಇಲ್ಲ. ಹೊರುವವರು ಕೋಲಿನ ಮೇಲೆ ಕೈಯಿಟ್ಟು ಅವನನ್ನೇ ನೋಡುತ್ತಿದ್ದರು. ಪಾದ್ರಿಗಳೂ, ಲಿವಿಯಾಳೂ ಅವನನ್ನೇ ನೋಡುತ್ತಿದ್ದರು.

ಆಗ ಅವನಿಗೆ ಹೊಳೆಯಿತು. ನಲವತ್ತು ವರ್ಷದಲ್ಲಿ ಒಮ್ಮೆಯೂ ಅವನು ತನ್ನ ಹೆಸರನ್ನು ಪದದೊಳಗೆ ತಂದಿರಲಿಲ್ಲ. ಹೆಸರು ಬಂದವನು ಉತ್ತರ ಕೊಡಬೇಕು. ತಪ್ಪು ಒಪ್ಪಿಸುವ ಆತುರದಲ್ಲಿ, ಕ್ಷಮಿಸುವವನೂ ತಾನೇ ಅನ್ನುವುದು ಮರೆತೇ ಹೋಗಿತ್ತು.

"ತೋದೇರ್ ಮಾವ," ಹೊರುವವನೊಬ್ಬ ಪಿಸುಗುಟ್ಟಿದ, "ಕೈ ಮರಗಟ್ಟುತ್ತಿದೆ."

"ಕಾಯ್ರೋ," ಅಂದಿತು ಮುದುಕಿಯ ದನಿ. ಗ್ರಿಗೋರನ ವಿಧವೆ ಪಲಾಗಿಯಾ. ಆ ಕಾನೂನಿನ ಪಿಂಚಣಿ ಊರಲ್ಲಿ ಮೊದಲು ಸಿಕ್ಕಿದ್ದು ಅವಳಿಗೆ. ಕೋಲೂರಿಕೊಂಡು ಮುಂದೆ ಬಂದು, ಪೆಟ್ಟಿಗೆಯ ಈಚೆ ನಿಂತಳು.

"ಏನಪ್ಪ, ಕದ್ನಾ ಇವನು?"

"ನಿನಗೇ ಗೊತ್ತಲ್ಲ ಅಕ್ಕ. ಗ್ರಿಗೋರನಿಗೆ ನಾನು ಕಟ್ಟಿದ್ದು."

"ಗೊತ್ತು. ಗ್ರಿಗೋರನ್ನ ಕಾಡಿಂದ ಹೊತ್ತು ತಂದ ದಿನ ನೀನು ನಮ್ಮನೆಗೆ ಬಂದೆ, ಪದಕ್ಕೆ ವಿಷಯ ಕೇಳಕ್ಕೆ. ನಾನೇನಂದೆ ನೆನಪಿದ್ಯಾ? 'ಮರ ಬಿದ್ದಿದ್ದು ಊರಿಗೆಲ್ಲ ಕೇಳಿಸ್ತು, ನಂಗೊಬ್ಬಳಿಗೇ ಒಲೆ ಆರೋಯ್ತು ಅಣ್ಣಾ' ಅಂತ ನಿನ್ನ ಮುಂದೆ ಎದೆ ಬಡ್ಕೊಂಡೆ. ನೀನು ಜೇಬಿಂದ ಪೆನ್ಸಿಲ್ ತೆಗೆದೆ."

ತೋದೇರನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

"ನನ್ನ ಕೇಳಿ ಬರ್ಕೊಂಡ್ಯಾ ನೀನು?" ಅಂದಳು ಪಲಾಗಿಯಾ. ಸಿಟ್ಟಿರಲಿಲ್ಲ, ಸಂತೆಯಲ್ಲಿ ಮೊಟ್ಟೆ ವಿಚಾರಿಸುವ ದನಿ. "ನಾನು ಆವತ್ತೇ ಬಿಟ್ಟುಬಿಟ್ಟೆ, ಒಳ್ಳೆ ಪದ ಆಯ್ತಲ್ಲ ಅಂತ. ಇನ್ನೊಬ್ಬ ತಗೊಂಡು ಹೋಗಿ ನಂಗೆ ರೊಟ್ಟಿ ತಂದ. ಅದನ್ನೂ ಬಿಟ್ಟೆ. ಈಗ ನಿನ್ನ ಸರದಿ. ಹೇಳು, ಬೇಗ. ಚಳಿ."

ಯಾರೋ ನಗು ತಡೆಯಲಾರದೆ ಕೆಮ್ಮಿದರು. ಅನುತ್ಸಾ ಶಾಲು ಬಾಯಿಗೊತ್ತಿಕೊಂಡಳು.

ತೋದೇರ್ ಪೆಟ್ಟಿಗೆಯೊಳಗೆ ನೋಡಿದ. ಗವ್ರಿಲಾನ ತುಟಿ ಒಂದಿಷ್ಟು ಬಿರಿದಿತ್ತು, ಇನ್ನೊಂದೇ ಮಾತು ಬಾಕಿಯಿದೆ ಅನ್ನುವಂತೆ. ಅದನ್ನು ಕಂಡು ಈಗಲೂ ಹೊಟ್ಟೆಕಿಚ್ಚೇ ಆಯಿತು.

"ದೇವರು ಕ್ಷಮಿಸಲಿ," ಅಂದ. ಹಾಡಿನ ದನಿಯಲ್ಲ, ಒಡಕಲು, ದಿನದ ದನಿ.

"ಎತ್ರೋ!" ಅಂದಳು ಪಲಾಗಿಯಾ.

ಎದ್ದ ಪೆಟ್ಟಿಗೆ ಎಡಕ್ಕೆ ವಾಲಿತು; ಮರಗಟ್ಟಿದ ಕೈಯವನ ಕಾಲು ಹಿಮದ ಮೇಲೆ ಜಾರಿತ್ತು. ಮುಂದೆ ಪಾದ್ರಿಗಳು ಹಾಡುಗಾರನಿಗಾಗಿ ತಿರುಗಿ ತಿರುಗಿ ನೋಡಿದರು. ತೋದೇರ್ ಅಲ್ಲಿರಲಿಲ್ಲ. ಪೆಟ್ಟಿಗೆಯ ಎಡಮೂಲೆಯ ಕೆಳಗೆ, ಕತ್ತು ವಾಲಿಸಿ, ಬಾಯಿ ಬಿಗಿಹಿಡಿದು, ಹೆಗಲು ಕೊಟ್ಟಿದ್ದ.