ಕಂಟಿ ಕಡಿದ ಜಾಗ

ಗಾಳಿಯಿಂದ ಕರೆಂಟು ತೆಗೆಯುವ ವಿದೇಶಿ ಕಂಪನಿಗೆ ಎರಡು ಗುಡ್ಡ ಮನಸ್ಸಿಗೆ ಬಂದಿದ್ದವು. ಪಕ್ಕದೂರು ಸನಮಡಿಯದೊಂದು, ನಮ್ಮದೊಂದು. ಎರಡರ ಮೇಲೂ ವರ್ಷಪೂರ್ತಿ ಗಾಳಿ ಅಳೆದರು, ಸರಿಸಮ ಬಂತು. ಕೊನೆಗೆ ಇಂಜಿನಿಯರ್ ಪ್ರಾಜಕ್ತಾ ಮೇಡಂ ಒಂದು ಫಾರ್ಮ್ ಹಿಡಿದು ಬಂದರು. ಗುಡಿ, ಗೋರಿ ಇದ್ದಲ್ಲಿ ಕಂಪನಿ ಕಾಲಿಡುವುದಿಲ್ಲವಂತೆ. ಇಲ್ಲಿ ಯಾರನ್ನಾದರೂ ಹೂಳಿದ್ದುಂಟೇ ಎಂದು ಮರಾಠಿಯಲ್ಲಿ ಕೇಳಿದರು.

ಒಂದು ಕಲ್ಲೂ ಇಲ್ಲ ಎಂದೆ. ನಮ್ಮ ಗುಡ್ಡ ಆರಿಸಿದರೆ ಕಾವಲಿನ ನೌಕರಿ ನನಗೆ ಎಂದು ಮಾತಾಗಿತ್ತು. ಯಾರೂ ಹೇಳದಿದ್ದರೂ ಕೊಡಲಿ ತಂದು ಮುಳ್ಳುಕಂಟಿಗಳನ್ನೆಲ್ಲ ಕಡಿದು ಹಸನು ಮಾಡಿಕೊಟ್ಟೆ. ಅಷ್ಟು ಶಾಣ್ಯಾ ನಾನು.

ಸಂಜೆ ಸುದ್ದಿ ಹೇಳಿದಾಗ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

“ಮಹಾಂತ, ನಿಮ್ಮ ಅಕ್ಕ ಅಲ್ಲೇ ಅದಾಳ.”

ನನಗೊಬ್ಬ ಅಕ್ಕ ಇದ್ದಳೆಂಬುದೇ ಗೊತ್ತಿರಲಿಲ್ಲ. ಅವ್ವ ಕುರಿ ಹಿಂದೆ ತಿರುಗುವಾಗ ಸತ್ತ, ಹಲ್ಲು ಮೂಡದ ಕೂಸು. ಅಂಥ ಕೂಸಿನ ಮೇಲೆ ನಮ್ಮ ಮನೆತನದವರು ಕಲ್ಲಿಡುವುದಿಲ್ಲ. ಭಾರಕ್ಕೆ ಅದು ಮತ್ತೆ ಹುಟ್ಟಿ ಬರಲಾರದು ಅನ್ನುತ್ತಾರೆ. ಕುರಿ ಈದಾಗಲೆಲ್ಲ ಅವ್ವ ಮೊದಲ ಹಾಲನ್ನು ಗುಡ್ಡದ ಮೇಲೆ ಹೊಯ್ದು ಬರುತ್ತಿದ್ದಳು. ನೆಲದ ಪಾಲು ಎಂದುಕೊಂಡಿದ್ದೆ.

“ನಾಳೆ ಮೇಡಂಗ ಹೇಳ್ಲೇನಬೇ?”

“ಹೇಳಿದ್ರ ನೌಕರಿ?”

“ಸನಮಡಿಗೆ ಹೋಗ್ತೈತಿ.”

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಮರುದಿನ ಹೇಳಲಿಲ್ಲ.

ಈಗ ಗುಡ್ಡದ ಮೇಲೆ ಕಂಪನಿಯ ಫ್ಯಾನು ತಿರುಗುತ್ತಿದೆ, ನಾನು ಅದರ ಬುಡದಲ್ಲಿ ಕೂತಿರುತ್ತೇನೆ. ರೆಕ್ಕೆಯ ನೆರಳು ಕಾಲ ಮೇಲೆ ಹಾದಾಗಲೆಲ್ಲ ಕೂಸೊಂದು ಅಂಬೆಗಾಲಿಟ್ಟು ದಾಟಿದಂತಾಗುತ್ತದೆ. ಉರಿಬಿಸಿಲಲ್ಲೂ ಹೆದರುತ್ತೇನೆ. ನಮ್ಮ ಕುರಿಗಳು ಇಲ್ಲಿ ಮೇಯುತ್ತವೆ, ಮಲಗುವುದಿಲ್ಲ.

ಮೊನ್ನೆ ಕುರಿ ಈದಿತು. ಅವ್ವ ಹಾಲಿನ ತಂಬಿಗೆ ಹಿಡಿದು ಹತ್ತಿ ಬಂದಳು, ಕಾಂಕ್ರೀಟು ಕಟ್ಟೆಯ ಸುತ್ತ ಎರಡು ಸಲ ನಡೆದಳು.

“ಇಲ್ಲೊಂದು ಬಾರಿಹಣ್ಣಿನ ಕಂಟಿ ಇತ್ತಲ್ಲ, ಎಲ್ಲಿತ್ತೋ? ಅದೊಂದ ಗುರ್ತಿತ್ತು ನನಗ.”

ಈ ಗುಡ್ಡದ ಗೇಣುಗೇಣನ್ನೂ ಕಂಪನಿಗೆ ಅಳೆದು ತೋರಿಸಿದವನು ನಾನು. ಆ ಕಂಟಿ ಎಲ್ಲಿತ್ತೆಂದು ನೆನಪಾಗಲಿಲ್ಲ.

ಅವ್ವ ಬಾಗಿ ಕಟ್ಟೆಯ ಸುತ್ತ ಸಣ್ಣ ಧಾರೆ ಬಿಡುತ್ತ ನಡೆದಳು. ಅರ್ಧ ಸುತ್ತಿಗೇ ಹಾಲು ತೀರಿತು. ಬರಿದಾದ ತಂಬಿಗೆ ಹಿಡಿದು ಉಳಿದರ್ಧ ನೆಲ ನೋಡುತ್ತ ನಿಂತಳು.

“ಆ ಕಡೆ ಇದ್ದಳಂದ್ರ?” ಎಂದು ಕೇಳಿದಳು.