ಎರಡನೇ ಸೌಟು

ರಹಮತುಲ್ಲಾ ಸಾಹೇಬರು ಒಡೆದ ಬಾಟಲಿಯ ತಳವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಳಗಿನ ಸಾರು ಬಾಟಲಿಯ ಆಕಾರದಲ್ಲೇ ಕಲ್ಲಾಗಿ ನಿಂತಿತ್ತು. ಅಲಸಂದೆ ಕಾಳುಗಳು ಗೋಡೆಗೆ ಮೆತ್ತಿದ ಹರಳಿನಂತೆ ಅಲ್ಲಲ್ಲಿ ಕಾಣುತ್ತಿದ್ದವು.

"ಮಾರಯ್ಯಾ, ಇದು ಐಸ್ ಫ್ಯಾಕ್ಟರೀನೋ, ನಿನ್ ಹೆಂಡ್ತಿ ಅಡಿಗೆಮನೇನೋ?"

ಐಸ್ ದಾಸ್ತಾನು ಕೋಣೆಯ ಮೂಲೆಯ ಹಲಗೆಯ ಮೇಲೆ ಚಿಕ್ಕಮಾರಯ್ಯ ಸಾಲಾಗಿ ಇಟ್ಟಿದ್ದ ಬಾಟಲಿಗಳು ಹದಿನೆಂಟು. ಒಂದೊಂದನ್ನೂ ತಿರುಗಿಸಿ ನೋಡಿದ. ಹದಿಮೂರು ಸೀಳಿದ್ದವು. ಕೆಲವಕ್ಕೆ ಕೂದಲೆಳೆಯಷ್ಟು ಬಿರುಕು. ಕೆಲವಕ್ಕೆ ಕತ್ತೇ ಇರಲಿಲ್ಲ.

"ಗಾಜಿನ ಚೂರು ಐಸ್ ಜೊತೆ ಹೋದ್ರೆ? ಸ್ಟೇಷನ್ ಮುಂದೆ ಸೋಡಾ ಅಂಗಡಿಯೋರೆಲ್ಲಾ ನಮ್ಮ ಐಸೇ ಒಡೆದು ಹಾಕೋದು. ಯಾರದ್ದಾದ್ರೂ ಗಂಟಲಿಗೆ ಹೋಯ್ತು ಅಂದ್ರೆ ನೀನೂ ಒಳಗೆ, ನಾನೂ ಒಳಗೆ."

"ತಪ್ಪಾಯ್ತು ಸಾಹೇಬ್ರೇ. ಇವತ್ತೇ ಎಲ್ಲಾ ತೊಳೆದು ಗುಡಿಸ್ತೀನಿ."

ಸಾಹೇಬರು ಒಡೆಯದ ಒಂದು ಬಾಟಲಿಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಒಡೀದೇ ಇರೋದು ಇರ್ಲಿ. ಮುಚ್ಚಳ ಇರೋ ಪೆಟ್ಟಿಗೇಲಿ ಇಡು. ಇನ್ನೊಂದು ಒಡೀತೋ, ಎಲ್ಲಾ ಆಚೆ." ಹೊಸಿಲು ದಾಟುವಾಗ ತಿರುಗಿ, "ವೇಲೂರಿಗೆ ಯಾವತ್ತು?" ಎಂದರು.

"ನಾಡಿದ್ದು."

"ಖುದಾ ಇದಾನೆ, ಹೋಗು," ಎಂದು ಒಡೆದ ತಳವನ್ನು ಬಕೀಟಿಗೆ ಹಾಕಿದರು.

ಮಾರಯ್ಯ ಯಶವಂತಪುರದ ಆ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಳ್ಳಲು ಸೇರಿ ಒಂಬತ್ತು ವರ್ಷವಾಗಿತ್ತು. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಗಡಿನ ಡಬ್ಬವಾದರೆ ಹುಣಸೆಹುಳಿಗೆ ತುಕ್ಕು ಹಿಡಿಯುತ್ತದೆಂದು ಗಾಜನ್ನೇ ಆರಿಸಿದ್ದ. ಪ್ರತಿ ಬಾಟಲಿಯ ಕತ್ತಿನಿಂದ ಎರಡು ಬೆರಳು ಕೆಳಗೆ ಕೆಂಪು ದಾರ ಕಟ್ಟಿ, "ಇದರ ಮೇಲೆ ಒಂದು ತೊಟ್ಟೂ ಬೇಡ" ಎಂದು ಹೆಂಡತಿಗೆ ತೋರಿಸಿದ್ದ. ದಿನಾ ರಾತ್ರಿಯ ಅಡಿಗೆ ಕೊಂಚ ಹೆಚ್ಚು ಮಾಡುವುದು, ಉಳಿದಿದ್ದನ್ನು ಒಂದು ಬಾಟಲಿಗೆ ತುಂಬಿ ಐಸಿನಲ್ಲಿಡುವುದು. ಒಂದು ಬಾಟಲಿ, ಒಬ್ಬನಿಗೆ ಒಂದು ಹೊತ್ತು. ಅವಳು ಆಸ್ಪತ್ರೆಯಲ್ಲಿರುವಷ್ಟು ದಿನ ಸಂಜೆ ಬಿಸಿ ಮಾಡಿಕೊಂಡು, ಮುದ್ದೆ ತಾನೇ ಮಾಡಿಕೊಂಡು ಉಣ್ಣಬಹುದು. ಹಿಂದಿನ ವರ್ಷ ಹೋಟೆಲ್ಲಿನ ಖಾರ ತಿಂದು ರಕ್ತ ವಾಂತಿಯಾದ ಮೇಲೆ ಡಾಕ್ಟರು ಹೊರಗಿನ ಊಟ ಬೇಡವೆಂದಿದ್ದರು.

ಒಡೆಯದೆ ಉಳಿದ ಐದನ್ನೂ ಒಡೆದ ಹದಿಮೂರನ್ನೂ ಅವನು ಹೋಲಿಸಿ ನೋಡಿದ. ಐದರಲ್ಲಿ ಸಾರು ದಾರದ ಕೆಳಗೇ ಇತ್ತು. ಅವು ಮೊದಲ ವಾರದವು, ಅವನೆದುರಿಗೇ ತುಂಬಿದ್ದು. ಉಳಿದವನ್ನು ಅವನು ರಾತ್ರಿ ಪಾಳಿಯಲ್ಲಿದ್ದಾಗ ಅವಳೊಬ್ಬಳೇ ತುಂಬಿದ್ದಳು. ಎಲ್ಲದರಲ್ಲೂ ಸಾರು ದಾರವನ್ನು ಮುಳುಗಿಸಿ ಬಾಯಿಯವರೆಗೆ ಬಂದಿತ್ತು. ಬಟ್ಟೆಯಲ್ಲಿ ಸುತ್ತಿ ಬಂದದ್ದನ್ನು ಬಟ್ಟೆ ಸಮೇತ ಇಡುತ್ತಿದ್ದುದರಿಂದ ಅವನು ಅದನ್ನು ನೋಡಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಮುನಿಕೃಷ್ಣಮ್ಮ ಒಲೆಯ ಪಕ್ಕದ ಗೋಡೆಗೆ ಒರಗಿ ಕುಳಿತು, ಮೊರದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ನಾಲ್ಕು ಕಡ್ಡಿ ಬಿಡಿಸಿ ಉಸಿರು ತೆಗೆದುಕೊಳ್ಳುವುದು, ಮತ್ತೆ ನಾಲ್ಕು ಕಡ್ಡಿ. ತುಟಿ ನೇರಳೆ ತಿಂದವರಂತೆ ಕಂದಿತ್ತು. ಹೃದಯದೊಳಗಿನ ಒಂದು ಬಾಗಿಲು ಕಿರಿದಾಗಿದೆ, ಆಪರೇಷನ್ ಮಾಡಿ ಬಿಡಿಸಬೇಕು ಎಂದು ವೇಲೂರಿನ ಡಾಕ್ಟರು ಹೇಳಿದ್ದರು.

"ಹದಿಮೂರು ಬಾಟ್ಲಿ ಒಡೆದೋಯ್ತು," ಎಂದ.

ಅವಳ ಕೈ ನಿಂತಿತು. "ಅಯ್ಯೋ! ಯಾರು ಬೀಳಿಸಿದ್ರು?"

"ಯಾರೂ ಬೀಳಿಸ್ಲಿಲ್ಲ. ನೀನೇ ಒಡೆದಿದ್ದು. ದಾರ ಯಾಕೆ ಕಟ್ಟಿದ್ದೆ ನಾನು? ಚಂದಕ್ಕಾ? ಅಷ್ಟು ಸಲ ಹೇಳಿದ್ರೂ ಬಾಯಿವರೆಗೂ ತುಂಬಿದ್ದೀಯಲ್ಲಾ, ನಿನಗೆ ಕಿವಿ ಇದೆಯೋ ಇಲ್ವೋ?"

ದನಿ ಏರಿತ್ತು. ಅವಳು ಕೈಯಲ್ಲಿದ್ದ ಕಡ್ಡಿಯನ್ನು ಮೊರಕ್ಕೆ ಹಾಕಿದಳು.

"ದಾರದವರ್ಗೇ ಆಕಿದ್ದು. ಒಂದು ಸೌಟಿಗೆ ಅಲ್ಲಿಗೆ ಬತ್ತದೆ. ಆಮೇಲೆ ಎರಡ್ನೇ ಸೌಟು ಆಕಿದೆ."

"ಎರಡ್ನೇದು ಯಾಕೆ?"

"ಒಂದೇ ಸೌಟು ಬಡಿಸಿ ಕೈ ತೆಗೀತಾರೇನ್ರೀ? ನಿಮ್ಮವ್ವನ ತಿಥೀಲಿ ನೋಡಿಲ್ವಾ? ಎಡೆಗೆ ಮಾತ್ರ ಒಂದ್ಸಲ ಬಡಿಸೋದು. ಬದುಕಿರೋರ ತಟ್ಟೆಗೆ ತೊಟ್ಟಾದ್ರೂ ಸರಿ, ಎರಡ್ನೇ ಸಲ ಬೀಳ್ಬೇಕು. ಮದ್ವೆಯಾದಾಗಿಂದ ನಿಮಗೆ ಇಂಗೇ ಬಡಿಸಿರೋದು. ಉಣ್ಣೋರಿಗೆ ಎಲ್ಲಿ ಗೊತ್ತಾಯ್ತದೆ!"

"ಅದಕ್ಕೇನಂತೆ? ಬಿಸಿ ಮಾಡ್ಕೊಂಡು ನಾನೇ ಎರಡು ಸಲ ಬಡಿಸ್ಕೊತೀನಿ."

"ನಿಮಗೆ ನೀವೇ ಬಡಿಸ್ಕೊಂಡ್ರೆ ಅದು ಲೆಕ್ಕಕ್ಕಿಲ್ಲ. ಬಡಿಸೋ ಕೈ ಬೇರೆ ಇರ್ಬೇಕು." ಅವಳು ಮತ್ತೆ ಒಂದು ಕಡ್ಡಿ ಎತ್ತಿಕೊಂಡಳು; ಎಲೆ ಕೀಳಲಿಲ್ಲ. "ನನ್ನ ಕೈ ಇರೋವಾಗ್ಲೇ ಆಕಿಟ್ಟೆ."

"ಇರೋವಾಗ್ಲೇ ಅಂದ್ರೇನು? ಮೂರು ವಾರ ಅಂತ ಡಾಕ್ಟ್ರು ಹೇಳಿಲ್ವಾ?"

"ಏಳಿದ್ರು. ಮೂರು ವಾರಕ್ಕೆ ಯಾರಾದ್ರೂ ಕಾಗದಕ್ಕೆ ಎಬ್ಬೆಟ್ಟು ಒತ್ತಿಸ್ಕೊತಾರಾ? ನಿಮ್ಮ ಕೈಲೂ ರುಜು ಆಕಿಸ್ಕೊಂಡ್ರು. ಅದನ್ನ ಓದೋವಾಗ ನಿಮ್ಮ ಮುಖ ನೋಡ್ದೆ. ಏನೈತೆ ಅದ್ರಲ್ಲಿ ಅಂದ್ರೆ 'ಮಾಮೂಲಿ' ಅಂದ್ರಿ."

ಕಾಗದದಲ್ಲಿದ್ದದ್ದು ಅವನಿಗೆ ಬಾಯಿಪಾಠವಾಗಿತ್ತು. ಡಾಕ್ಟರು ಬಾಯಲ್ಲಿ ಹೇಳಿದ್ದೂ ನೆನಪಿತ್ತು: ಹತ್ತರಲ್ಲಿ ಒಬ್ಬರು ಮೇಜಿನಿಂದ ಏಳುವುದಿಲ್ಲ. ಒಂಬತ್ತು ಜನ ಏಳುತ್ತಾರಲ್ಲ ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಈಗ ಅದನ್ನೇ ಅವಳಿಗೆ ಹೇಳಲು ಹೊರಟವನು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಸೊಪ್ಪು ಬಿಡಿಸತೊಡಗಿದ.

"ಬೇರು ಹಂಗೇ ಬಿಡ್ತಿದೀರಿ," ಎಂದಳು ಅವಳು. "ಮಣ್ಣು ತಿಂತೀರಾ?"

ಮರುದಿನ ಸಂಜೆ ಅವನು ಫ್ಯಾಕ್ಟರಿಯಿಂದ ಬರುವಾಗ ಅಲ್ಲಿನ ಅಂಗಳದ ತೊಟ್ಟಿಯಲ್ಲಿ ಐದು ಖಾಲಿ ಬಾಟಲಿ ತೊಳೆದು, ದಾರ ಕಟ್ಟಿ ತಂದ. ಜೊತೆಗೆ ಮುತ್ತುಗದ ಎಲೆಯ ಕಟ್ಟು, ಕಲಾಯಿ ಹಾಕಿದ ಹಿತ್ತಾಳೆಯ ಸಣ್ಣ ಬಟ್ಟಲು. ಅವಳು ಒಲೆಯಿಂದ ಪಾತ್ರೆ ಇಳಿಸಲು ಹೋದಾಗ ತಡೆದು ತಾನೇ ಇಳಿಸಿದ. ಅವಳು ಕುಳಿತಲ್ಲಿಂದಲೇ ಸೌಟು ಅದ್ದಿ ಒಂದೊಂದು ಬಾಟಲಿಗೂ ಹಾಕಿದಳು. ಸಾರು ದಾರದ ಹತ್ತಿರ ಬಂದಾಗ ಅವನು "ಸಾಕು" ಎಂದ. ಅವಳು ನಿಲ್ಲಿಸಿದಳು. ಸೌಟು ಗಾಳಿಯಲ್ಲೇ ಇತ್ತು.

ಅವನು ಬಟ್ಟಲನ್ನು ಅವಳ ಮುಂದೆ ಹಿಡಿದ. "ಎರಡ್ನೇದು ಇದಕ್ಕೆ ಹಾಕು."

"ಇಷ್ಟು ಪುಟ್ಟದಕ್ಕಾ?"

"ತೊಟ್ಟಾದ್ರೂ ಸರಿ ಅಂದ್ಯಲ್ಲ. ಫ್ಯಾಕ್ಟರೀಲಿ ಐಸ್ ಕಟ್ಟೋ ಉಪ್ಪುನೀರಿನ ತೊಟ್ಟೀಲಿ ಇಟ್ರೆ ಗಳಿಗೇಲಿ ಕಲ್ಲಾಗ್ತದೆ. ಕಿತ್ತು ಎಲೇಲಿ ಕಟ್ಟಿಡ್ತೀನಿ. ಗಾಜು ಇಲ್ಲ, ಒಡೆಯೋದೂ ಇಲ್ಲ."

ಅವಳು ಬಟ್ಟಲನ್ನೂ ಅವನನ್ನೂ ನೋಡಿದಳು. "ಐಸ್ ಮಾರಯ್ಯ," ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅವನು ಬಟ್ಟಲು ಹಿಡಿದೇ ಇದ್ದ. ಫ್ಯಾಕ್ಟರಿಯಲ್ಲಿ ಉಳಿದಿದ್ದ ಐದೂ ಸೇರಿ ಹತ್ತು ಬಾಟಲಿಗೆ ಹತ್ತು ಸಲ ಅವಳು ತನ್ನ ಕೈಯಿಂದಲೇ ಹಾಕಿದಳು. ಅವನು ಆ ಬಟ್ಟಲನ್ನು ಪ್ರತಿ ಸಲವೂ ಒಂದು ಲೋಟಕ್ಕೆ ಬಗ್ಗಿಸಿ ಮತ್ತೆ ಮುಂದೆ ಹಿಡಿಯುತ್ತಿದ್ದ. ಆ ರಾತ್ರಿ ಪಾಳಿಯಲ್ಲಿ ಲೋಟದಿಂದ ಬಟ್ಟಲಿಗೆ ಅಳೆದು ಒಂದೊಂದೇ ಹೆಪ್ಪುಗಟ್ಟಿಸಿದ.

ಮರುದಿನ ಅವಳನ್ನೂ ಅವಳ ತಾಯಿ ಮಾರಕ್ಕನನ್ನೂ ರೈಲು ಹತ್ತಿಸಿದ. ಕಂಪ್ರೆಸರ್ ಬಿಟ್ಟು ಹೋಗಲು ಬದಲಿ ಆಳು ಸಿಗುವುದು ಐದು ದಿನದ ಮೇಲೆ. ಆಪರೇಷನ್ ಆರನೆಯ ದಿನ. ರೈಲು ಹೊರಟಾಗ ಅವಳು ಕಿಟಕಿಯಿಂದ, "ಸಾರು ಕುದಿಸ್ಬೇಡಿ, ಬಿಸಿ ಮಾಡಿ ಸಾಕು. ಕುದ್ರೆ ಸೊಪ್ಪು ಕಪ್ಪಾಯ್ತದೆ," ಎಂದಳು. ಅವನು ತಲೆಯಾಡಿಸಿದ. ಹತ್ತರ ಮಾತು, ಒಂಬತ್ತರ ಮಾತು ಯಾವುದೂ ಆಡಲಿಲ್ಲ.

ಹೊತ್ತು ಮುಳುಗುವಾಗ ಫ್ಯಾಕ್ಟರಿಯಿಂದ ಒಂದು ಬಾಟಲಿ, ಒಂದು ಎಲೆಯ ಪೊಟ್ಟಣ ತಂದ. ಬಾಟಲಿಯನ್ನು ಮೊದಲು ತಣ್ಣೀರಿನಲ್ಲಿಟ್ಟು, ಆಮೇಲೆ ಉಗುರುಬೆಚ್ಚಗಿನ ನೀರಿಗೆ ಬದಲಾಯಿಸಿ, ಸಾರು ಸಡಿಲವಾದ ಮೇಲೆ ಪಾತ್ರೆಗೆ ಬಗ್ಗಿಸಿ ಬಿಸಿ ಮಾಡಿದ. ಕುದಿಸಲಿಲ್ಲ. ಮುದ್ದೆ ಕೊಂಚ ಗಂಟುಗಂಟಾಯಿತು. ತಟ್ಟೆಯ ಮುಂದೆ ಕುಳಿತು ಸಾರು ಬಡಿಸಿಕೊಂಡು ಮೊದಲ ತುತ್ತು ನುಂಗಿದ ಮೇಲೆಯೇ ಪೊಟ್ಟಣದ ನೆನಪಾಯಿತು. ಎಡಗೈಯಿಂದ ದಾರ ಬಿಚ್ಚಿ, ಗುಂಡಗಿನ ಆ ಗಡ್ಡೆಯನ್ನು ತಟ್ಟೆಯ ಅಂಚಿಗೆ ಜಾರಿಸಿದ. ಅದು ಟಣ್ ಎಂದಿತು.

ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಎರಡು ಹೆಜ್ಜೆ ಇಟ್ಟು ಕಾಯಿಸಿಕೊಂಡು ಬರಬಹುದಿತ್ತು. ಆದರೆ ಉಣ್ಣುತ್ತಾ ತಟ್ಟೆಯ ಮುಂದಿನಿಂದ ಏಳುವುದು ಅವಳಿಗೆ ಸೇರುತ್ತಿರಲಿಲ್ಲ. ಅವನು ಏಳಲಿಲ್ಲ. ಗಡ್ಡೆಯ ಸುತ್ತ ಮೊದಲು ತೆಳ್ಳಗೆ ನೀರಾಡಿತು, ಆಮೇಲೆ ಒಂದು ಎಲೆ ಸೊಪ್ಪು ಬಿಟ್ಟುಕೊಂಡಿತು. ಬೆರಳಿಗೆ ಹತ್ತಿದ ಮುದ್ದೆ ಒಣಗಿ ಬಿಗಿಯುತ್ತಿತ್ತು. ಕೈಯನ್ನು ತಟ್ಟೆಯ ಮೇಲೆಯೇ ಹಿಡಿದುಕೊಂಡು, ಅದು ಪೂರ್ತಿ ಕರಗುವುದನ್ನು ಕಾಯುತ್ತಾ ಕುಳಿತ.