ಮೇಲೊಂದು ಮುಷ್ಟಿ

ಏಳನೆಯ ಬಾಟಲಿ ಸಿಡಿದಾಗ ಪಲ್ಲವಿ ಶೆಡ್ಡಿನ ಬಾಗಿಲಲ್ಲೇ ಇದ್ದಳು. ಗಾಜು ಕಲ್ಲುಗೋಡೆಗೆ ಬಡಿದು ಉದುರಿತು. ಆಮೇಲೆ ವೈನು ತೊಟ್ಟಿಕ್ಕುವ ಸಪ್ಪಳ. ಹಿರೋಳ್ಳಿಯ ಬಿಸಿಲು ಹನ್ನೊಂದಕ್ಕೇ ಕಾದ ಹಂಚಾಗಿತ್ತು.

ಒಳಗೆ ಇನ್ನೂ ಆರುನೂರರ ಹತ್ತಿರ ಬಾಟಲಿಗಳಿದ್ದವು. ಸಗಣಿ, ಗಂಜಲ, ಬೇವಿನ ಹಿಂಡಿ ಬಿಟ್ಟು ಬೇರೇನನ್ನೂ ಕಾಣದ ಹತ್ತು ಸಾಲು ದ್ರಾಕ್ಷಿಯ ರಸ ಅದು. ಒಂದೇ ವರ್ಷಕ್ಕೆಂದು ಅಪ್ಪ ಗುರುನಾಥ ಆ ಸಾಲುಗಳನ್ನು ಕೊಟ್ಟಿದ್ದ. ನೊರೆವೈನು ಕೈಹಿಡಿದರೆ ತೋಟವೆಲ್ಲ ಅದಕ್ಕೇ. ಇಲ್ಲವಾದರೆ ಎಲ್ಲವೂ ಮೊದಲಿನಂತೆ ಒಣದ್ರಾಕ್ಷಿಗೆ.

ಬಾಟಲಿ ಮುಚ್ಚುವ ಮೊದಲು ವೈನಿಗೆ ಈಸ್ಟು, ಸಕ್ಕರೆ ಬೆರೆಸುತ್ತಾರೆ. ಈಸ್ಟು ಸಕ್ಕರೆ ತಿಂದು ಬಿಡುವ ಗಾಳಿಯೇ ಆಮೇಲೆ ಗುಳ್ಳೆ. ಸಕ್ಕರೆ ಹೆಚ್ಚಾದರೆ ಗಾಜು ತಡೆಯದು.

"ಅಪ್ಪಾ, ಸಕ್ರಿ ನೀನೇ ಅಳದಿ. ಹನ್ನೊಂದು ಡಬ್ಬಿ ಹೌದಿಲ್ಲೊ?"

"ಹನ್ನೊಂದೇ. ಲಾಭ ಅಂತ ಸುರು ಮಾಡೀನಿ, ಎರಡು, ಮೂರು... ಹನ್ನೊಂದಕ್ಕ ನಿಲ್ಲಿಸೀನಿ."

"ಸವರಿ ಅಳದ್ಯೋ, ಗೋಪುರ ಏರಿಸಿ ಅಳದ್ಯೋ?"

ರಾಶಿ ಅಳೆಯುವವರ ಮನೆಯಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಳತೆಯ ಮೇಲಿಷ್ಟು ಕೊಸರು ಹಾಕದ ಕೈ ಬರಿಗೈ. ಇದನ್ನು ಕೇಳುತ್ತಲೇ ಬೆಳೆದವಳು ಪಲ್ಲವಿಯೂ.

"ಡಬ್ಬಿಗೊಂದು ಮುಷ್ಟಿ ಮ್ಯಾಲೆ ಹಾಕೀನವ್ವ. ಮೊದಲನೇ ಮಾಲು. ಸವರಾಕ ಕೈ ಬರಲಿಲ್ಲ."

"ಕೊಸರು ಗಿರಾಕಿಗೆ ಹಾಕೋದು. ಈಸ್ಟಿಗೆ ಹಾಕ್ತಾರೇನು?"

"ಅದೂ ತಿನ್ನೋ ಜೀವ ಅಲ್ಲೇನು."

"ತಿಂದದ. ತಿಂದು ಈಗ ಮನಿ ಒಡ್ಯಾಕತ್ತದ."

ಉಳಿದದ್ದು ಒಂದೇ ದಾರಿ. ಬಾಟಲಿಗಳನ್ನು ತಣ್ಣಗೆ ಮಾಡಿ, ಒಂದೊಂದರ ಮುಚ್ಚಳ ಸಡಿಲಿಸಿ, ಹೆಚ್ಚಿನ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಯಾರಾದರೂ ಒಳಗೆ ಹೋಗಲೇಬೇಕು.

ಆಳಂದದಿಂದ ಬರ್ಫ ಬಂತು. ಗುರುನಾಥ ವೆಲ್ಡಿಂಗಿನವರ ಮುಖಗವಸು ಎರಡು ತಂದ. ಪಲ್ಲವಿಯ ತಾಯಿ ಸುಂದರಬಾಯಿ ಪಾರಾಯಣ ನಿಲ್ಲಿಸಿ ಬಂದು ಗೋಣಿಚೀಲ ನೆನೆಸಿಕೊಟ್ಟಳು. ತಂದೆ ಮಗಳು ಮುಖಗವಸು ಹಾಕಿ ಅವನ್ನು ಬಾಟಲಿಗಳ ಮೇಲೆ ಹೊದಿಸಿ, ಬರ್ಫ ಸುರಿದು, ತಣ್ಣಗಾಗಲೆಂದು ಹೊರಗೆ ಕೂತರು. ಎಂಟನೆಯದು ಸಿಡಿಯಿತು. ಒಂಬತ್ತನೆಯದೂ.

ನಾಲ್ಕು ಗಂಟೆಗೆ ಪಲ್ಲವಿ ಮತ್ತೆ ಮುಖಗವಸು ಹಾಕಿಕೊಂಡಳು.

"ಈ ಸಲ ನೀ ಹೊರಗಿರು," ಎಂದ ಗುರುನಾಥ. "ತಪ್ಪು ನಂದು."

"ಎಷ್ಟು ಗಾಳಿ ಬಿಡಬೇಕು ನಿನಗ ಗೊತ್ತದೇನು?"

ಗುರುನಾಥ ಇನ್ನೊಂದು ಮುಖಗವಸು ಹಾಕಿಕೊಂಡ. ಇಬ್ಬರೂ ಒಳಹೊಕ್ಕರು.

ಬಾಗಿಲಾಚೆ ಕಿವಿಗೊಟ್ಟು ನಿಂತ ಸುಂದರಬಾಯಿ, "ಎಡಗಡೆ ಕೆಳಗಿಂದು ಸುಂಯ್ ಅನ್ನಾಕತ್ತದ, ಅದನ್ನ ಮೊದಲ ತಗೀರಿ," ಎಂದಳು.

ಪಲ್ಲವಿ ಅದನ್ನೇ ಎತ್ತಿ ಮುಚ್ಚಳ ಸಡಿಲಿಸಿದಳು. ಗಾಳಿ ಉಸ್ಸೆಂದು ಹೊರಬಂತು, ನೊರೆ ಕತ್ತಿನವರೆಗೆ ಏರಿ ನಿಂತಿತು. ಗುರುನಾಥ ಬಿಗಿದ. ಎರಡನೆಯದು. ಮೂರನೆಯದು. ಇಪ್ಪತ್ತು ದಾಟುವ ಹೊತ್ತಿಗೆ ಇಬ್ಬರ ಕೈಗೂ ಲಯ ಸಿಕ್ಕಿತ್ತು.

ಆಗ ಬಲಗಡೆ ಒಂದು ಸಿಡಿಯಿತು. ಗಾಜು ಗೋಣಿಯೊಳಗೇ ಉಳಿಯಿತು. ಗುರುನಾಥ ಒಂದು ಹೆಜ್ಜೆ ಸರಿದು ಮಗಳಿಗೂ ಆ ಸಾಲಿಗೂ ನಡುವೆ ನಿಂತ.

"ಅಪ್ಪಾ, ಬೆಳಕಿಗೆ ಅಡ್ಡ ಬರಬ್ಯಾಡ."

ಅವನು ಕದಲಲಿಲ್ಲ. ಪಲ್ಲವಿ ಬಗ್ಗಿ, ಅವನ ನೆರಳಿನಲ್ಲೇ ಮುಂದಿನ ಬಾಟಲಿಯ ಕತ್ತು ತಡಕಿದಳು.